ಸಂಗೀತ ನಿಲ್ಲದೆ ಹೆಗಲ ಮೇಲೆಯೇ ಉಳಿದ ವತ್ಸಲಾ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಚೆಂಬೂರಿನ ಕಾಲನಿಯ ಕಾರ್ಯಕ್ರಮದಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ವೇದಿಕೆ ಹತ್ತಲು ನಾಚುವವಳೆಂದು ನನ್ನನ್ನು ರೆಕಾರ್ಡ್ ಪ್ಲೇಯರಿನ ಮುಂದೆ ಕೂರಿಸಿದ್ದರು. ಹುಡುಗಿಯರು ಒಂದು ತಿಂಗಳು ಕುಣಿದು ಕಲಿತದ್ದು ಮೂರು ನಿಮಿಷದ ಗಿಟಾರ್ ವಾದನದ ಸಣ್ಣ ರೆಕಾರ್ಡಿಗೆ. ಅದು ನಿನ್ನೆ ಒಡೆದುಹೋಯಿತು. ಕಾರ್ಯದರ್ಶಿ ಶೆಟ್ಟರು ಅದೇ ವಾದನ ಇನ್ನೂ ಉದ್ದವಾಗಿದ್ದ ಲಾಂಗ್‌ಪ್ಲೇ ಎಂಬ ದೊಡ್ಡ ರೆಕಾರ್ಡ್ ತಂದು, "ಟ್ಯೂನ್ ಅದೇ ಮಾರಾಯ್ರೆ, ಹೆದರ್ಬೇಡಿ" ಎಂದರು.

ಕುಣಿತದ ಕೊನೆಗೆ ಆರು ವರ್ಷದ ವತ್ಸಲಾ ಇಬ್ಬರು ದೊಡ್ಡ ಹುಡುಗಿಯರ ಹೆಗಲೇರಿ ನಿಂತಳು. ಸಂಗೀತ ನಿಂತ ಮೇಲೆಯೇ ಇಳಿಯಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು. ಸಂಗೀತ ನಿಲ್ಲಲೇ ಇಲ್ಲ. ಸಣ್ಣ ರೆಕಾರ್ಡಿನಲ್ಲಿ ಇಲ್ಲದ ಡ್ರಮ್ಮು ಶುರುವಾಯಿತು. ಕೆಳಗಿನವರ ಮೊಣಕಾಲುಗಳು ನಡುಗತೊಡಗಿದವು. ಭಯಕ್ಕೆ ನನ್ನ ಕೈ ಏಳಲಿಲ್ಲ.

"ಬಂದ್ ಮಾಡ್ರೀ ಅಕ್ಕಾರ! ನನ್ನ ಕೂಸು ಬೀಳತದ್ರೀ!" ಎಂದು ವತ್ಸಲಾಳ ತಾಯಿ, ಧಾರವಾಡದವರು, ಚೀರಿದರು. ನಾನು ಕಣ್ಣು ಮುಚ್ಚಿ ರೆಕಾರ್ಡಿನ ಮೇಲಿನ ಮುಳ್ಳನ್ನು ಎತ್ತಿದೆ. ಕರ್ರೆಂದು ಸದ್ದಾಗಿ ಎಲ್ಲ ನಿಂತಿತು. ವತ್ಸಲಾ ಓಡಿಬಂದ ತಾಯಿಯ ತೋಳಿಗೆ ಹಾರಿದಳು.

ಶೆಟ್ಟರು ಬಂದು, "ಎಂಥದು ಮಾರಾಯ್ರೆ, ಒಳ್ಳೆ ಭಾಗ ಬರುವಾಗಲೇ ನಿಲ್ಲಿಸಿದ್ರಲ್ಲ!" ಎಂದರು.

ಒಳ್ಳೆಯ ಭಾಗವೇ ಇರಬಹುದು. ಅದನ್ನು ಕೇಳುವಾಗ ಯಾರೂ ಯಾರ ಹೆಗಲ ಮೇಲೂ ನಿಂತಿರಬಾರದು, ಅಷ್ಟೇ.