ಎಡಗಡೆಯ ಕೆಂಪು ಗಾಜು

ತಂದೆ ತಾಯಿ ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದುಕೊಂಡಿತ್ತು. ಜನರ ಬಾಯಲ್ಲಿ ಆತ ಹುಡುಕ್ಬೇಕಪ್ಪ. ಹಳೆಯ ಕಾರಿನ ಯಾವ ಬಿಡಿಭಾಗ ಕೇಳಿದರೂ ಆತನದು ಒಂದೇ ಉತ್ತರ: “ಇದೆ. ಹುಡುಕ್ಬೇಕಪ್ಪ.” ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮದುವೆಯ ಮಾತು ಎತ್ತಿದವರಿಗೂ ಹಾಗೇ ಅಂದಿದ್ದನಂತೆ. ಅವರು ಸ್ವಲ್ಪ ದಿನ ಹುಡುಕಿ ಸುಸ್ತಾಗಿ ಬಿಟ್ಟರು. ಈಗ ಆತನಿಗೆ ಅರವತ್ತಾರು. ಕೆಳಗೆ ಅಂಗಡಿ, ಮೇಲೆ ಒಂದು ರೂಮು, ನಡುವೆ ಹದಿಮೂರು ಮೆಟ್ಟಿಲು. ಬದುಕು ಹೆಚ್ಚುಕಡಿಮೆ ಆ ಮೆಟ್ಟಿಲುಗಳ ಮೇಲೇ ಹತ್ತಿ ಇಳಿದಿತ್ತು.

ನಿಜ ಹೇಳಬೇಕೆಂದರೆ ಆತ ಹುಡುಕಬೇಕಾದದ್ದು ಏನೂ ಇರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಯಾವ ಡಬ್ಬಿಯಲ್ಲಿ ಯಾವ ವಾಷರ್ ಇದೆಯೆಂದು ಮುಟ್ಟಿ ಹೇಳಬಲ್ಲವನಾಗಿದ್ದ. ಆದರೆ ಕೇಳಿದ ತಕ್ಷಣ ಕೊಟ್ಟರೆ ಗಿರಾಕಿ ಹೊರಟುಹೋಗುತ್ತಾನೆ. ‘ಹುಡುಕ್ಬೇಕು’ ಅಂದರೆ ಮತ್ತೊಂದು ದಿನ ಬರುತ್ತಾನೆ, ಕೂರುತ್ತಾನೆ, ನಾಲ್ಕು ಮಾತಾಡುತ್ತಾನೆ. ಜೋಡಿ ಸಾಮಾನನ್ನಂತೂ ಆತ ಒಟ್ಟಿಗೆ ಕೊಟ್ಟದ್ದೇ ಇಲ್ಲ. ಬಲಗಡೆಯದು ಈ ವಾರ, ಎಡಗಡೆಯದು ದೇವರು ಕಣ್ಣು ಬಿಟ್ಟಾಗ.

ಮೊದಲು ಆ ಕಾರುಗಳನ್ನು ಗುಜರಿಯವನೂ ಮೂಗು ಮುರಿದುಕೊಂಡೇ ಒಯ್ಯುತ್ತಿದ್ದ. ಹತ್ತು ವರ್ಷದೀಚೆಗೆ ಅವುಗಳ ಬೆಲೆ ಏರಲಾರಂಭಿಸಿ, ಕೋಳಿ ಗೂಡು ಕಟ್ಟಿದ್ದ ಕಾರುಗಳಿಗೂ ಮಾನ ಬಂತು. ಅವುಗಳ ಬೆನ್ನಿಗೆ ಟೋಪಿ ಹಾಕಿಕೊಂಡ ದೊಡ್ಡ ಮನುಷ್ಯರು ಅಂಗಡಿಗೆ ಬರಲಾರಂಭಿಸಿದರು. ಹಳೇ ಕಾರುಗಳ ಸಂಘದ ಅಧ್ಯಕ್ಷರಂತೂ ತುಕ್ಕು ಹಿಡಿದ ಬಂಪರನ್ನು ಮೊಮ್ಮಗನ ಕೆನ್ನೆಯಂತೆ ಸವರಿ, “ಇದು ಬರೀ ಕಾರಲ್ಲ ಕಣಪ್ಪಾ, ಪರಂಪರೆ” ಅನ್ನುತ್ತಿದ್ದರು.

“ಪರಂಪರೆಗೆ ಎಷ್ಟಿಂಚಿನ ಬೋಲ್ಟ್ ಬೇಕು ಸಾರ್?” ಎಂದು ಹುಡುಕ್ಬೇಕಪ್ಪ ಕೇಳುತ್ತಿದ್ದ.

ಟೋಪಿಯವರು ನಿಂತೇ ಮಾತಾಡಿ ಹೋಗುವವರು. ಕೂತು ಮಾತಾಡುವವರೆಂದರೆ ಒಬ್ಬರೇ, ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಎಲ್ಲರೂ ಅವರನ್ನು ನಕ್ಷೆಯವರು ಅನ್ನುತ್ತಿದ್ದರು. ಮಾವನಿಂದ ಬಂದ ಹಳೆಯ ಕಾರೊಂದನ್ನು ಮನೆಯ ಶೆಡ್ಡಿನಲ್ಲಿಟ್ಟು ಹನ್ನೊಂದು ವರ್ಷದಿಂದ ರಿಪೇರಿ ಮಾಡುತ್ತಿದ್ದರು. ಶನಿವಾರ ಸರಿಯಾಗಿ ನಾಲ್ಕೂವರೆಗೆ ಬರುತ್ತಿದ್ದರು. ಬೇಕಾದ ಭಾಗವನ್ನು ಪೆನ್ಸಿಲಿನಲ್ಲಿ ಅಳತೆಸಮೇತ ಬರೆದು, ಮೂಲೆಯ ಚೌಕದಲ್ಲಿ ತಾರೀಖು, ಮನೆ ವಿಳಾಸ, ಸಹಿ ಹಾಕಿ ತರುತ್ತಿದ್ದರು. ಒಂದು ಸ್ಕ್ರೂ ಬೇಕಿದ್ದರೂ ಅಣೆಕಟ್ಟಿಗೆ ಮಂಜೂರಾತಿ ಕೇಳುವ ಠೀವಿ.

ಆರು ವರ್ಷದಿಂದ ಅವರು ಕೇಳುತ್ತಿದ್ದದ್ದು ಒಂದೇ ಭಾಗ: ಹಿಂದಿನ ಎಡಗಡೆ ದೀಪದ ಕೆಂಪು ಗಾಜು. ಅದೊಂದು ಸಿಕ್ಕರೆ ಕಾರು ಪೂರ್ತಿ. ಗಾಜು ಮೇಲಿನ ಕಪಾಟಿನಲ್ಲಿ ಪೇಪರಿನಲ್ಲಿ ಸುತ್ತಿಟ್ಟು ತಣ್ಣಗೆ ಕೂತಿತ್ತು. ಕಾರು ಪೂರ್ತಿಯಾದರೆ ಶನಿವಾರ ಖಾಲಿಯಾಗುತ್ತದೆಂಬುದನ್ನು ಹುಡುಕ್ಬೇಕಪ್ಪ ಯಾವತ್ತೋ ಲೆಕ್ಕ ಹಾಕಿಕೊಂಡಿದ್ದ.

“ಏನಾಯ್ತು ನಮ್ಮ ಗಾಜು?”

“ಇದೆ ಸಾರ್. ಹುಡುಕ್ಬೇಕು.”

“ಹುಡುಕಿ ಹುಡುಕಿ. ಅವಸರ ಏನಿಲ್ಲ.”

ಆಮೇಲೆ ಇಬ್ಬರೂ ಆರು ಗಂಟೆಯವರೆಗೆ ಮಂಡಿನೋವು, ನಲ್ಲಿನೀರು, ಸತ್ತವರು, ಸಾಯಬೇಕಾದವರು ಇತ್ಯಾದಿ ಮಾತಾಡುತ್ತಿದ್ದರು.

ಹೀಗಿರುವಾಗ ಅಧ್ಯಕ್ಷರು ಒಂದು ದಿನ ಬಂದು ಬಾಯಿ ಬಿಟ್ಟರು. “ಈಗ ಹೊಸದಾಗಿ ಮಾಡಿದ ಗಾಜು ಫೋನಲ್ಲೇ ತರಿಸ್ಬೋದು. ಅದನ್ನ ಹಾಕಿದ್ರೆ ಕಾರಿಗೆ ಬೆಲೆಯಿಲ್ಲ. ಕಂಪನಿದೇ ಗಾಜಿರೋ ಪೂರ್ತಿ ಕಾರಿದ್ರೆ ಒಂದು ಮನೆ ಕೊಳ್ಬೋದು ಕಣಯ್ಯಾ.”

ತನ್ನ ಶನಿವಾರಕ್ಕಾಗಿ ಇನ್ನೊಬ್ಬರ ಮನೆಯನ್ನೇ ಕಪಾಟಿನಲ್ಲಿ ಮುಚ್ಚಿಟ್ಟಿದ್ದೇನೆ ಎಂದು ಹುಡುಕ್ಬೇಕಪ್ಪನಿಗೆ ಅನ್ನಿಸಿತು. ಅದೇ ವಾರ ತಂಗಿ ಫೋನಿನಲ್ಲಿ, “ಅಣ್ಣಾ, ಆ ಕಬ್ಬಿಣಾನೆಲ್ಲ ಮಾರಿ ನಮ್ಮನೆಗೆ ಬಂದ್ಬಿಡೋ. ಅಲ್ಲಿ ನಿನಗ್ಯಾರಿದಾರೆ?” ಎಂದು ಎಂದಿನ ಪಾಠ ಒಪ್ಪಿಸಿದಳು.

“ಇದಾರೆ,” ಅಂದ. ಯಾರು ಎಂದು ಅವಳು ಕೇಳಲಿಲ್ಲ, ಈತ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಾಜಿನ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು, ನಕ್ಷೆಯ ಮೂಲೆಯಲ್ಲಿದ್ದ ವಿಳಾಸ ಹಿಡಿದು ಹೊರಟ. ತಾನೇ ಕೂರಿಸಿಕೊಟ್ಟು ಬರುವುದೆಂದು ಜೇಬಿನಲ್ಲಿ ಸ್ಕ್ರೂಡ್ರೈವರು ಬೇರೆ. ನಕ್ಷೆಯವರು ಗೇಟಿನಲ್ಲೇ ಸಿಕ್ಕರು. ಈತನನ್ನು ಕಂಡು ಅವರ ಮುಖ ಯಾಕೋ ಸಪ್ಪಗಾಯಿತು.

ಶೆಡ್ಡಿನ ಬಾಗಿಲು ತೆರೆದೇ ಇತ್ತು. ಒಳಗೆ ಒಗೆದ ಬಟ್ಟೆ ಒಣಗುತ್ತಿದ್ದವು. ಮೂಲೆಯಲ್ಲೊಂದು ಹೊಲಿಗೆ ಯಂತ್ರ.

“ಕಾರು?”

“ಹೋಯ್ತು.”

“ಎಲ್ಲಿಗೆ?”

“ಮಾರ್ಬಿಟ್ಟೆ. ನಾಲ್ಕು ತಿಂಗಳಾಯ್ತು. ಗಾಜಿಲ್ದೆ ಇದ್ರೂ ಒಳ್ಳೆ ಬೆಲೆ ಬಂತು. ಸೂರು ಸೋರ್ತಿತ್ತು, ಇವಳ ಕಣ್ಣಿನ ಆಪರೇಷನ್ ಬೇರೆ ಇತ್ತು.”

ನಾಲ್ಕು ತಿಂಗಳೆಂದರೆ ಹದಿನಾರು ಶನಿವಾರ. ಹದಿನಾರು ಶನಿವಾರ ಈ ಮನುಷ್ಯ ಇಲ್ಲದ ಕಾರಿಗೆ ಗಾಜು ಕೇಳಿಕೊಂಡು, ನಕ್ಷೆ ಬರೆದುಕೊಂಡು ಬಂದಿದ್ದಾರೆ. ಹುಡುಕ್ಬೇಕಪ್ಪನಿಗೆ ಸಂತೋಷವಾಗಬೇಕಿತ್ತು, ಆಗುವುದರಲ್ಲೂ ಇತ್ತು. ಅಷ್ಟರಲ್ಲಿ ನಕ್ಷೆಯವರು ಪೊಟ್ಟಣ ಕೈಗೆ ತೆಗೆದುಕೊಂಡು ಬಿಚ್ಚಿದರು. ಬೇರೆ ಯಾರಾದರೂ ಆಗಿದ್ದರೆ ಗಾಜು ನೋಡುತ್ತಿದ್ದರು. ಅವರು ಜೀವಮಾನವಿಡೀ ಕಾಗದದ ಮೂಲೆಯಲ್ಲಿ ತಾರೀಖು ಹಾಕಿದವರು, ಮಡಿಕೆ ನೀವಿ ಪೇಪರಿನ ತಾರೀಖು ನೋಡಿದರು. ಆರು ವರ್ಷದ ಹಿಂದಿನದು.

“ಓಹೋ,” ಅಂದರು. ಗಾಜನ್ನು ಅದೇ ಪೇಪರಿನಲ್ಲಿ, ಅದೇ ಮಡಿಕೆಗಳಲ್ಲಿ ಸುತ್ತಿ ವಾಪಸು ಕೊಟ್ಟರು.

ಮರುದಿನ ಅವರು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ, ಅದರ ಮುಂದಿನದೂ ಇಲ್ಲ. ಕಾರಣವಿಲ್ಲದೆ ಒಬ್ಬರಲ್ಲಿಗೊಬ್ಬರು ಹೋಗುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ, ಇದ್ದ ಒಂದು ಕಾರಣವನ್ನು ಹುಡುಕ್ಬೇಕಪ್ಪ ತಾನೇ ಹೊತ್ತುಕೊಂಡು ಹೋಗಿ ಮುಗಿಸಿ ಬಂದಿದ್ದ.

ನಾಲ್ಕನೆಯ ಶನಿವಾರ ಐದು ಗಂಟೆಗೆ ಅಂಗಡಿಯ ಶಟರ್ ಎಳೆದು ಮತ್ತೆ ಅವರ ಮನೆಗೆ ಹೋದ. ಬಾಗಿಲು ತೆರೆದವರು ಅವರ ಹೆಂಡತಿ, ಕಣ್ಣಿಗೆ ಕಪ್ಪು ಕನ್ನಡಕ. ಹೋದ ಸಲ ಗೇಟಿನಲ್ಲಿ ಕಂಡ ಗುರುತು ಹಿಡಿದರು.

“ಅಯ್ಯೋ, ಅವ್ರು ನಿಮ್ಮಂಗಡಿಗೇ ಬಂದ್ರಲ್ಲ ಅಣ್ಣಾ. ನಾಲ್ಕಕ್ಕೇ ಹೋದ್ರು. ಕಾರು ಹೋಯ್ತು, ಇನ್ನೂ ಅಲ್ಲೇನಿದೆ ಅಂತ ಕೇಳಿದ್ರೆ, ನಿನಗೆ ಗೊತ್ತಾಗಲ್ಲ ಸುಮ್ನಿರು ಅಂತಾರೆ.”

ಹುಡುಕ್ಬೇಕಪ್ಪ ಮೀಸೆ ಸವರಿಕೊಂಡ.

“ಹೌದಮ್ಮಾ, ಬಂದಿದಾರೆ. ಅಂಗಡೀಲಿ ಕೂರಿಸಿ ಬಂದೆ. ಈ ಬೀದೀಲಿ ಸ್ವಲ್ಪ ಕೆಲಸ ಇತ್ತು, ನಿಮ್ಮ ಕಣ್ಣು ಹೇಗಿದೆ ಅಂತ ಕೇಳ್ಕೊಂಡು ಹೋಗೋಣ ಅಂತ.”

“ಪರವಾಗಿಲ್ಲ, ನಿಮ್ಮ ಮೀಸೆವರೆಗೆ ಕಾಣತ್ತೆ. ಬರ್ತಾ ಒಂದು ಪೌಂಡ್ ಬ್ರೆಡ್ ತರೋಕೆ ಹೇಳಿ ಅವ್ರಿಗೆ. ಫೋನ್ ಇಲ್ಲೇ ಬಿಟ್ಟೋಗಿದಾರೆ.”

ಬ್ರೆಡ್ಡಿಲ್ಲದೆ ಮನೆಗೆ ಬಂದರೆ ನಕ್ಷೆಯವರ ಬಣ್ಣ ಬಯಲಾಗುತ್ತದೆ. ಹುಡುಕ್ಬೇಕಪ್ಪ ಜೀವನದಲ್ಲಿ ಮೊದಲ ಸಲ ನಿಜವಾಗಿ ಹುಡುಕಿದ. ಪಾರ್ಕಿನ ಬೆಂಚುಗಳು, ವಾಚನಾಲಯ, ಕ್ಷೌರದಂಗಡಿ ಎಲ್ಲ ನೋಡಿದ. ಎಲ್ಲೂ ಇಲ್ಲ. ಕೊನೆಗೆ ತಾನೇ ಬ್ರೆಡ್ ಕೊಂಡು ಬೀದಿಯ ತಿರುವಿನಲ್ಲಿ ನಿಂತ. ಹೋಗಿಬರುವವರು ನೋಡುತ್ತಿದ್ದರು, ಈತ ಗಡಿಯಾರ ನೋಡುತ್ತಿದ್ದ.

ಆರಕ್ಕೆ ಐದು ನಿಮಿಷ ಇರುವಾಗ ನಕ್ಷೆಯವರು ಬಂದರು. ಈತನನ್ನು ಕಂಡು ಹೆಜ್ಜೆ ನಿಧಾನವಾಯಿತು. ಇನ್ನೊಂದು ಪಕ್ಕಕ್ಕೆ ದಾಟಲೇ ಎಂಬಂತೆ ರಸ್ತೆ ನೋಡಿದರು, ದಾಟಲಿಲ್ಲ.

“ಬ್ರೆಡ್ಡು,” ಎಂದು ಹುಡುಕ್ಬೇಕಪ್ಪ ಕೈ ಚಾಚಿದ. “ಮನೇಲಿ ಹೇಳಿದ್ರು. ನೀವು ಅಂಗಡೀಲಿ ಕೂತಿದೀರಿ ಅಂದೆ.”

ನಕ್ಷೆಯವರು ತೆಗೆದುಕೊಂಡು ಮೆಲ್ಲನೆ ಒತ್ತಿ ನೋಡಿದರು. “ಇವತ್ತಿಂದೇ.”

“ಇವತ್ತಿಂದೇ. ಎಲ್ಲಿದ್ರಿ ಇಷ್ಟು ಹೊತ್ತು?”

“ಬಸ್ಸಲ್ಲಿ. ಕೊನೇ ಸ್ಟಾಪಿಗೆ ಹೋಗೋದು, ಅದೇ ಬಸ್ಸಲ್ಲಿ ವಾಪಸ್ ಬರೋದು.”

“ಸೀಟು ಸಿಗತ್ತಾ?”

“ಶನಿವಾರ ಪೂರ್ತಿ ಖಾಲಿ.”

ಇನ್ನೂ ಏನೋ ಹೇಳುವುದಿತ್ತು. ಇಬ್ಬರೂ ಮನೆಯ ಗೇಟಿನವರೆಗೆ ಜೊತೆಗೆ ನಡೆದರು. ನಕ್ಷೆಯವರು ತಲೆಯಾಡಿಸಿ ಒಳಗೆ ನಡೆದರು. ಹುಡುಕ್ಬೇಕಪ್ಪ ಹೊರಡಲು ತಿರುಗಿದಾಗ ತೆರೆದ ಕಿಟಕಿಯಿಂದ ಅವರ ಹೆಂಡತಿಯ ದನಿ ಕೇಳಿಸಿತು.

“ಏನಂತಾರೆ ನಿಮ್ಮ ಅಂಗಡಿಯವ್ರು?”

“ಏನಿಲ್ಲ,” ಅಂದರು ನಕ್ಷೆಯವರು. “ಸುಮ್ನೆ ಮಾತಾಡ್ತಾ ಕೂತಿದ್ವಿ.”