ಡಾಕ್ಟರ್ ಬಾಯಾರ ಕಾರಿನ ಹೀಟರು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬೊಂಬಾಯಿಯ ಕುರ್ಲಾದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ನಮ್ಮ ಉಸ್ತಾದರು ವಿಜಾಪುರದ ಕಡೆಯವರು, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವಂಥವರು. ನನಗಾಗ ಇಪ್ಪತ್ತಾರು. ಬಿಚ್ಚಿದ್ದನ್ನೆಲ್ಲ ಯಾಕೆ ಹೀಗಿದೆ ಎಂದು ಕೇಳುವ ಚಾಳಿ ನನ್ನದು. ಅದಕ್ಕೆ ಅವರಿಂದ ಬೈಸಿಕೊಂಡದ್ದೂ ಉಂಟು.

ಜುಲೈ ತಿಂಗಳ ಒಂದು ಬೆಳಿಗ್ಗೆ, ಜೋರು ಮಳೆಯಲ್ಲಿ, ಹಳೆಯ ವಿಲಾಯತಿ ಕಾರೊಂದು ಬಂದು ನಿಂತಿತು. ಓಡಿಸಿಕೊಂಡು ಬಂದವರು ಅಂಧೇರಿಯ ಹೆರಿಗೆ ಡಾಕ್ಟರು, ಐವತ್ತು ದಾಟಿದ ಹೆಂಗಸು. ಹೀಟರಿನ ಗಾಳಿ ತೀರ ಕಡಿಮೆ ಬರುತ್ತದೆ ಎಂದು ಹಿಂದಿಯಲ್ಲಿ ಹೇಳಿದರು.

ಉಸ್ತಾದರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಬೊಂಬಾಯಿದಾಗ ಹೀಟರ್ ಅಂತ! ಇಲ್ಲೆ ಮೊದಲ ಬೆವತು ಸಾಯ್ಲಿಕತ್ತೇವಿ. ಕಿತ್ತ ಒಗಿ ಅದನ್ನ," ಎಂದರು.

"ಚಳಿಗಲ್ಲರೀ, ಮುಂದಿನ ಗ್ಲಾಸಿಗೆ," ಎಂದು ಆ ಹೆಂಗಸು ನಕ್ಕರು. "ನಾ ಧಾರವಾಡದಾಕಿ."

ಉಸ್ತಾದರ ಮುಖ ನೋಡುವಂತಿತ್ತು.

ಮಳೆಯಲ್ಲಿ ಕಿಟಕಿ ಮುಚ್ಚಿದರೆ ಉಸಿರಿಗೆ ಮುಂದಿನ ಗಾಜು ಮಬ್ಬಾಗುತ್ತದೆ. ಹೀಟರಿನ ಗಾಳಿ ಕೆಳಗಿನಿಂದ ಬಂದು ಅದನ್ನು ಒಣಗಿಸಬೇಕು. ಗಾಳಿ ಇಲ್ಲದ್ದರಿಂದ ಅವರು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಸೆರಗು ಹಿಡಿದು ಗಾಜು ಒರೆಸುತ್ತ ಓಡಿಸುತ್ತಿದ್ದರು. ಹಿಂದಿನ ದಿನ ಗೋರೆಗಾಂವ್‌ನಲ್ಲಿ ಕೈಗಾಡಿ ಎಳೆಯುತ್ತಿದ್ದವನೊಬ್ಬ ಕಣ್ಣಿಗೇ ಬಿದ್ದಿರಲಿಲ್ಲ. ಗೇಣು ದೂರದಲ್ಲಿ ಬ್ರೇಕು ಹಿಡಿಯಿತಂತೆ. "ಬಾನೆಟ್ ಮ್ಯಾಲೆ ಗುದ್ದಿ ಬೈದಾ. ಅಂವ ಬೈದದ್ದು ಸರಿನ ಇತ್ತು," ಎಂದರು. ಹೇಳುವಾಗ ದನಿ ಸಣ್ಣದಾಯಿತು.

ನಾನು ಕೆಲಸಕ್ಕೆ ಕೂತೆ. ಗಾಜಿನ ಮುಂದಿನ ಜಾಲರಿ ಬಿಚ್ಚಿದರೆ ಗಾಳಿ ಒಳಗೆ ಹೋಗುವ ದಾರಿಯಲ್ಲಿ ಕೊಳೆತ ಎಲೆ ತುಂಬಿತ್ತು. ಎರಡು ಬೊಗಸೆ ತೆಗೆದೆ. ಗಾಳಿ ಹೆಚ್ಚಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ರಬ್ಬರ್ ಪೈಪು ಸೀಳಿತ್ತು, ಟೇಪು ಸುತ್ತಿದೆ. ಆಗಲೂ ಅಷ್ಟೆ. ಫ್ಯಾನಿನ ಮೋಟಾರು ಹೋಗಿರಬೇಕೆಂದು ಡಬ್ಬಿಸಮೇತ ಹೊರಗೆ ತೆಗೆದು ಮೇಜಿನ ಮೇಲೆ ಬ್ಯಾಟರಿಗೆ ಜೋಡಿಸಿದೆ. ಭರ್ರೆಂದು ಬೀಸಿತು, ಮುಂದೆ ಹಿಡಿದ ಪೇಪರು ಹಾರಿಯೇ ಹೋಯಿತು. ಮತ್ತೆ ಕಾರಿಗೆ ಕೂರಿಸಿದರೆ ಅದೇ ಹಳೆಯ ನಿಟ್ಟುಸಿರು.

ಅದೇ ಫ್ಯಾನು, ಅದೇ ಮೋಟಾರು. ಮೇಜಿನ ಮೇಲೆ ಇದ್ದ ಗಾಳಿ ಕಾರಿನಲ್ಲಿ ಎಲ್ಲಿ ಹೋಯಿತು? ತಲೆ ಕೆಟ್ಟುಹೋಯಿತು. ಎರಡನೇ ಸಲ ಹೊರಗೆ ತೆಗೆದು ವೈರುಗಳನ್ನು ಹಿಡಿದಾಗ ಒಂದು ಸಂಶಯ ಬಂತು. ಪ್ಲಸ್ಸು ಮೈನಸ್ಸು ಬದಲಿಸಿ ಜೋಡಿಸಿದೆ. ಫ್ಯಾನು ಉಲ್ಟಾ ತಿರುಗಿತು. ವಿಚಿತ್ರವೆಂದರೆ ಉಲ್ಟಾ ತಿರುಗಿದರೂ ಗಾಳಿ ಅದೇ ಬಾಯಿಯಿಂದಲೇ ಬಂತು, ಆದರೆ ಕಾಲುಭಾಗ ಮಾತ್ರ. ಗುಂಡಗಿನ ಡಬ್ಬಿಯೊಳಗಿನ ಫ್ಯಾನು ಹಾಗೆ, ಮನೆಯ ಟೇಬಲ್ ಫ್ಯಾನಿನಂತೆ ಹಿಂದಕ್ಕೆ ಊದುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ.

"ಬಾಯಾರ, ಬ್ಯಾಟರಿ ವೈರ್ ಯಾರರ ಬದಲಿ ಮಾಡಿದ್ರೇನ್ರೀ?" ಎಂದು ಕೇಳಿದೆ.

ಸ್ವಲ್ಪ ಯೋಚಿಸಿ, "ಹೋದ ವರ್ಷ ಡೈನಮೋ ಕೆಟ್ಟಿತ್ತು. ಆವಾಗ ಬೇರೆ ಗ್ಯಾರೇಜಿನಾವ ಪ್ಲಸ್ ಇದ್ದಲ್ಲಿ ಮೈನಸ್ ಮಾಡೇನಿ, ಈಗಿನ ಪದ್ಧತಿ ಹಂಗ, ಅಂದಿದ್ದ," ಎಂದರು. ಹಳೆಯ ವಿಲಾಯತಿ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನು ಕಾರಿನ ಮೈಗೆ ಜೋಡಿಸುತ್ತಿದ್ದರು, ಹೊಸವುಗಳಲ್ಲಿ ಮೈನಸ್ಸನ್ನು. ಲೈಟು, ಸ್ಟಾರ್ಟರು ಯಾವುದಕ್ಕೂ ಆ ಬದಲಾವಣೆಯಿಂದ ತೊಂದರೆಯಾಗಿರಲಿಲ್ಲ. ಈ ಪುಟ್ಟ ಮೋಟಾರು ಮಾತ್ರ ಒಂದು ವರ್ಷ ತಿರುಗಾಮುರುಗಾ ಓಡಿತ್ತು.

ಹೀಟರ್ ಮೋಟಾರಿನ ಎರಡು ವೈರು ಅದಲುಬದಲು ಮಾಡಿದೆ. ಅಷ್ಟೇ ರಿಪೇರಿ.

ಬಾಯಾರೂ ನಾನೂ ಮಳೆಯಲ್ಲೇ ಒಂದು ಸುತ್ತು ಹೊರಟೆವು. ಎಂಜಿನ್ನಿನ ಬಿಸಿನೀರು ಹೀಟರಿಗೆ ಬರುವ ನಲ್ಲಿಯನ್ನೂ ನಾನು ತೆರೆದಿದ್ದೆ. ಮಬ್ಬು ಕೆಳಗಿನಿಂದ ಬಿಲ್ಲಿನಾಕಾರದಲ್ಲಿ ಸರಿಯುತ್ತ ಮೇಲೆ ಹೋಯಿತು. ಎದುರಿನ ಬಸ್ಸು, ಛತ್ರಿಗಳು, ನೀರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವ ಜನ, ಎಲ್ಲ ಒಂದೊಂದಾಗಿ ಕಂಡವು. ಒಳಗೆ ನಮ್ಮಿಬ್ಬರಿಗೂ ಬೆವರು ಇಳಿಯುತ್ತಿತ್ತು.

"ಬೇಯ್ಲಿಕತ್ತೇನಿ ತಮ್ಮಾ," ಎಂದರು ಬಾಯಾರು. "ಆದ್ರ ಮಂದಿ ಕಾಣ್ತಾರ."

ಅವರು ಹೋದ ಮೇಲೆ ಉಸ್ತಾದರು ಕಪಾಟಿನಿಂದ ಒಂದು ಹಳೆಯ ಹೀಟರ್ ಫ್ಯಾನು ಹುಡುಕಿ ತಂದರು. ಅದನ್ನು ಬ್ಯಾಟರಿಗೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಜೋಡಿಸಿ ಅಂಗೈ ಒಡ್ಡಿ ನೋಡುತ್ತ ಕೂತರು. "ಎರಡೂ ಸಲ ಈ ಕಡೀನ ಬರ್ತದಲ್ಲೋ!" ಎಂದು ನನ್ನನ್ನು ಕರೆದರು. ಹೊರಗೆ ಒಬ್ಬ ಗಿರಾಕಿ ಹಾರ್ನು ಹೊಡೆಯುತ್ತಲೇ ಇದ್ದ.