ನಾಲ್ಕನೇ ಮಗ್ಗಲು

ಅರವತ್ತರ ಹತ್ತಿರದ ಮನುಷ್ಯರೊಬ್ಬರು ಬಯಲಿನಲ್ಲಿ ಅಂಬೆಗಾಲಿಟ್ಟು ಹೋಗುತ್ತಿದ್ದಾರೆ. ತಲೆಯ ಮೇಲೆ ಬಿಳಿ ಟೋಪಿ, ಎರಡೂ ಮಂಡಿಗೆ ಸುತ್ತಿದ ಗೋಣಿ ತುಂಡು. ನಾಲ್ಕು ಹೆಜ್ಜೆಯಷ್ಟು ಹೋಗಿ ನಿಲ್ಲುತ್ತಾರೆ. ಕೆನ್ನೆಯನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ ಎಡಕ್ಕೆ, ಬಲಕ್ಕೆ ನೋಡುತ್ತಾರೆ. ಏನನ್ನೋ ಹೆಕ್ಕಿ ಅಂಗಿಯ ಜೇಬಿಗೆ ಹಾಕಿಕೊಂಡು ಮತ್ತೆ ಮುಂದೆ. ಅವರ ಹಿಂದೆ ನನ್ನ ಮೂರು ವರ್ಷದ ಮಗಳು ಪುಟ್ಟಿ, ಅವಳೂ ಅಂಬೆಗಾಲಿನಲ್ಲೇ, ಕಿಲಕಿಲ ನಗುತ್ತ.

ಮದಾರ್ ಸಾಬರನ್ನು ನೆನೆದಾಗ ನನಗೆ ಮೊದಲು ಕಾಣುವುದು ಇದು. ಯಾವ ಊರಿನ ಬಯಲು ಎಂದು ಕೇಳಬೇಡಿ. ನಾಲ್ಕು ಊರಿನ ಮಣ್ಣು ನನ್ನ ತಲೆಯಲ್ಲಿ ಕಲಸಿಹೋಗಿದೆ. ಟೋಪಿ ಬಿಳಿಯದಲ್ಲ, ಮಾಸಿದ ಹಸಿರು ಎನ್ನುತ್ತಾಳೆ ನನ್ನ ಹೆಂಡತಿ ಸರೋಜಾ. ಗೋಣಿ ತುಂಡಿನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ.

ಎಪ್ಪತ್ತರ ದಶಕದ ನಡುವೆ ನಾನು ಕೆರೆ ಕಾಲುವೆಗಳ ಸರ್ವೆಯಲ್ಲಿ ಓವರ್‌ಸೀರ್ ಆಗಿದ್ದೆ. ದೀಪಾವಳಿ ಕಳೆದರೆ ಬೇಸಿಗೆಯವರೆಗೂ ತಂಬುವಾಸ. ಚನ್ನಗಿರಿ ಕಡೆಯ ತ್ಯಾವಣಿಗೆಯಲ್ಲಿ ಮೂರು ವಾರ, ಹೊನ್ನಾಳಿಯ ಹೊಳೆದಂಡೆಯಲ್ಲಿ ಒಂದು ತಿಂಗಳು, ಆಮೇಲೆ ನ್ಯಾಮತಿ, ಕೊನೆಗೆ ಜಗಳೂರು. ಮೂರು ವಾರದ ಮಟ್ಟಿಗೆ ಯಾರು ಮನೆ ಕೊಡುತ್ತಾರೆ? ಉಳಿದ ಓವರ್‌ಸೀರ್‌ಗಳು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬರುತ್ತಿದ್ದರು. ಸರೋಜಾ ಒಪ್ಪಲಿಲ್ಲ. “ಹಿಂದಿನ ವರ್ಷ ಹೋಗಿ ಬಂದಾಗ ಪುಟ್ಟಿ ನಿಮ್ಮನ್ನ ಮಾಮ ಅಂದಳು. ಈ ಸಲ ರವಿ ಕೈಲೂ ಅನ್ನಿಸ್ಕೊಳ್ತೀರಾ?” ಎಂದಳು. ರವಿಗೆ ಆಗ ಹತ್ತು ತಿಂಗಳು. ಹೀಗೆ ಎರಡು ಟ್ರಂಕು, ಒಂದು ಸ್ಟೌ, ಒಂದು ಬುಟ್ಟಿ ಲಂಗೋಟಿ, ಎರಡು ಮಕ್ಕಳು, ಎಲ್ಲವೂ ಇಲಾಖೆಯ ಲಾರಿ ಹತ್ತಿದವು.

ಮದಾರ್ ಸಾಬರು ನಮ್ಮ ತಂಡದ ಖಲಾಸಿ. ಹೊನ್ನಾಳಿಯವರು. ತಂಬು ಹೊಡೆಯುವುದು, ಅಳತೆಯ ಕಬ್ಬಿಣದ ಸರಪಳಿ ಹಿಡಿಯುವುದು, ಯಂತ್ರ ಹೊರುವುದು ಅವರ ಕೆಲಸ. ತ್ಯಾವಣಿಗೆಯಲ್ಲಿ ಲಾರಿಯಿಂದ ಸಾಮಾನು ಇಳಿದ ಮೇಲೂ ಅವರು ತಂಬಿನ ಗಂಟು ಮುಟ್ಟಲಿಲ್ಲ. ಸರೋಜಾಳ ಕಂಕುಳಲ್ಲಿದ್ದ ರವಿಯನ್ನೇ ನೋಡುತ್ತ ನಿಂತರು.

“ಕೂಸು ಇನ್ನಾ ಬೋರಲು ಬೀಳ್ತೈತೋ, ಹರಿದಾಡ್ತೈತೋ ತಾಯಿ?”

“ಹರಿದಾಡ್ತಾನೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.”

“ಹಂಗಾರೆ ಮೊದ್ಲು ನಾನು ಹರಿದಾಡಬೇಕು” ಎಂದು ಗೋಣಿ ತುಂಡು ತೆಗೆದು ಮಂಡಿಗೆ ಸುತ್ತಿಕೊಂಡರು.

ನಾನು ನಕ್ಕೆ. ಅವರು ನಗಲಿಲ್ಲ. “ನಿಂತೋರ ಕಣ್ಣು ಐದಡಿ ಮ್ಯಾಲೆ ಐತೆ ಸಾಹೇಬ್ರೆ. ಕೂಸಿನ ಕಣ್ಣು ನೆಲದಿಂದ ಒಂದು ಗೇಣು. ಅದಕ್ಕೆ ಕಾಣೋ ಊರೇ ಬ್ಯಾರೆ.”

ಸೂರ್ಯ ಹುಟ್ಟುವ ಮಗ್ಗಲಿನಿಂದ ಶುರು. ಒಂದೊಂದೇ ಮಗ್ಗಲು ಮುಗಿಸಿ ತಂಬಿನ ಜಾಗಕ್ಕೆ ಒಂದು ಸುತ್ತು. ನಾಲ್ಕು ಮಗ್ಗಲು ಮುಗಿಯುವತನಕ ಮಕ್ಕಳು ನೆಲಕ್ಕೆ ಇಳಿಯುವಂತಿಲ್ಲ. ಪುಟ್ಟಿಗೆ ಮಾತ್ರ ಅವರ ಬೆನ್ನ ಹಿಂದೆಯೇ ಬರುವ ರಿಯಾಯಿತಿ. ಮುಗಿದ ಮೇಲೆ ಜೇಬಿನಲ್ಲಿದ್ದುದನ್ನೆಲ್ಲ ಒಂದು ಚಪ್ಪಡಿಯ ಮೇಲೆ ಸುರಿದು, “ಇವತ್ತಿನ ಬೆಳೆ ನೋಡ್ರಿ ತಾಯಿ” ಎನ್ನುತ್ತಿದ್ದರು. ಅರ್ಧ ಬ್ಲೇಡು, ಎರಡು ಗುಲಗಂಜಿ, ಜಾಲಿ ಮುಳ್ಳು, ತುಕ್ಕು ಹಿಡಿದ ಮೊಳೆ. ಸರೋಜಾ ಬಾಯಿಗೆ ಕೈ ಇಟ್ಟುಕೊಂಡಳು. ಅವತ್ತಿನಿಂದ ಅವರು ಅವಳಿಗೆ ಸಾಬಣ್ಣ, ಪುಟ್ಟಿಗೆ ಆನೆ ತಾತ.

ಅವರಿಗೆ ಓದು ಬರಹ ಇರಲಿಲ್ಲ. ಆದರೆ ಯಾವ ಕ್ಯಾಂಪಿನಲ್ಲಿ ಏನು ಸಿಕ್ಕಿತ್ತು ಎಂಬುದನ್ನು ವರ್ಷಗಟ್ಟಲೆ ಮರೆಯುತ್ತಿರಲಿಲ್ಲ. ನನಗೆ ನಂಬಿಕೆಯಾಗಲಿಲ್ಲ. ಹೊನ್ನಾಳಿಯಲ್ಲಿ ಸಿಕ್ಕಿದ್ದನ್ನೆಲ್ಲ ಗುಟ್ಟಾಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ನ್ಯಾಮತಿಗೆ ಬಂದ ಮೇಲೆ ಕೇಳಿದೆ. ಮೀನಿನ ಗಾಳ ಒಂದು, ಉಮ್ಮತ್ತಿ ಕಾಯಿ ಒಂದು, ಬಳೆ ಚೂರು ನಾಲ್ಕು ಎಂದರು.

“ಮೂರು” ಎಂದೆ, ಚೀಟಿ ನೋಡಿಕೊಂಡು.

“ನಾಲ್ಕು ಸಾಹೇಬ್ರೆ. ಒಂದು ನಿಮ್ಮ ಮಗಳು ಹೆಕ್ಕಿ ಕೊಟ್ಟಿದ್ದು. ಚೀಟಿ ತಿದ್ಕೊಳ್ರಿ.”

ನ್ಯಾಮತಿಯಲ್ಲಿ ನಾವು ಇಳಿದ ಹೊಲದ ಸುತ್ತ ಒಂದೂ ಮರವಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಬಂದು ನೋಡುತ್ತೇನೆ, ಮದಾರ್ ಸಾಬರು ಮಟ್ಟ ನೋಡುವ ಯಂತ್ರವನ್ನು ಅದರ ಪೆಟ್ಟಿಗೆಯಲ್ಲಿ ಮಲಗಿಸಿ, ಅದರ ಮೂರು ಕಾಲಿನ ಸ್ಟ್ಯಾಂಡಿಗೆ ಸೀರೆ ಕಟ್ಟಿ, ಜೋಳಿಗೆಯಲ್ಲಿ ರವಿಯನ್ನು ತೂಗುತ್ತಿದ್ದಾರೆ.

“ಸರ್ಕಾರದ ಸಾಮಾನ್ರೀ ಅದು!” ಎಂದು ರೇಗಿದೆ.

“ಶ್, ಕೂಸು ಏಳ್ತೈತೆ. ಯಂತ್ರಕ್ಕೆ ಊಟದ ಬಿಡುವು ಕೊಟ್ಟೀನಿ. ಅದೂ ಸರ್ಕಾರಿ ನೌಕರನೇ ಅಲ್ಲೇನ್ರಿ?”

ಇಷ್ಟನ್ನು ನಾನು ಎಷ್ಟೋ ಕಡೆ ಹೇಳಿ ನಗಿಸಿದ್ದೇನೆ. ಜಗಳೂರಿನದನ್ನು ಬೇರೆ ಥರ ಹೇಳುತ್ತ ಬಂದಿದ್ದೇನೆ. ಈಗ ಬರೆಯುವಾಗಲೂ ಕೈ ಆ ಹಳೆಯ ಜಾಡಿಗೇ ಎಳೆಯುತ್ತಿದೆ. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ.

ಜಗಳೂರು ಸೀಮೆಯ ಒಂದು ಹಳ್ಳಿ. ಹಳೆಯ ಕಣವೊಂದರ ಪಕ್ಕ ನಮ್ಮ ತಂಬಿನ ಜಾಗ. ಮೇಲಿನ ಇಂಜಿನಿಯರು ತನಿಖೆಗೆ ಬರುವ ದಿನವೇ ನಾವು ಅಲ್ಲಿಗೆ ಬಂದಿಳಿದಿದ್ದೆವು. ಸರೋಜಾ ರವಿಯನ್ನು ಎತ್ತಿಕೊಂಡು ಹಾಲಿಗೆಂದು ಊರೊಳಗೆ ಹೋದಳು. ಹೋಗುವಾಗ, “ಪುಟ್ಟಿ ಮೇಲೆ ಕಣ್ಣಿಡ್ರಿ” ಎಂದಳು. ನನಗೆ ಹೇಳಿದಳು. ಮದಾರ್ ಸಾಬರು ಆಗಲೇ ಮಂಡಿಯೂರಿ ಹೊರಟಿದ್ದರು. ಮೂರು ಮಗ್ಗಲು ಮುಗಿದಿತ್ತು. ಅಷ್ಟರಲ್ಲಿ ಜೀಪು ಬಂತು.

ಇಂಜಿನಿಯರು ಇಳಿದವರೇ ಆ ಅಂಬೆಗಾಲನ್ನು ನೋಡಿದರು. “ಏನ್ರೀ, ನಿಮ್ಮ ಖಲಾಸಿ ಏನು ಕಳ್ಕೊಂಡಿದಾನೆ? ಮೂಗುತಿನಾ?”

ಜೀಪಿನ ಡ್ರೈವರ್ ಕಿಸಕ್ಕೆಂದ. ನನ್ನ ಕಿವಿ ಬಿಸಿಯಾಯಿತು.

“ಏಳ್ರಿ ಮದಾರ್ ಸಾಬ್ರೆ. ಮೊದ್ಲು ತಂಬು ಎಬ್ಬಿಸ್ರಿ.”

“ಒಂದು ಮಗ್ಗಲು ಉಳಿದೈತೆ ಸಾಹೇಬ್ರೆ.”

“ಸಾಕು ಮಾಡ್ರಿ ಈ ಆಟ. ಏಳ್ರಿ ಅಂದೆ.”

ಅವರು ಎದ್ದರು. ಗೋಣಿ ತುಂಡುಗಳನ್ನು ಬಿಚ್ಚಿ, ಕೊಡವಿ, ಒಂದರ ಮೇಲೊಂದಿಟ್ಟು ಮಡಚಿದರು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ, ಆದರೆ ಆ ಮಡಚಿದ್ದನ್ನು ನಂಬುತ್ತೇನೆ. ಪುಟ್ಟಿ, “ಆನೆ ತಾತ, ಇನ್ನೂ ಆಡೋಣ” ಎಂದು ಅವರ ಅಂಗಿ ಜಗ್ಗಿದಳು. ಅವರು ನನ್ನ ಮುಖ ನೋಡಿ ತಂಬಿನ ಗಂಟಿನ ಕಡೆ ನಡೆದರು.

ತಂಬು ಎದ್ದಿತು. ಇಂಜಿನಿಯರಿಗೆ ನಕ್ಷೆ ಬಿಚ್ಚಿ ತೋರಿಸಿದೆ. ಚಹಾ ಬಂತು. ನಕ್ಷೆಯ ಮೇಲೆ ಕಾಲುವೆ ಎಳೆಯುತ್ತ ನಾನು ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಹೊರಗಿನಿಂದ ಮದಾರ್ ಸಾಬರ ದನಿ ಬಂತು: “ಸಾಹೇಬ್ರೆ, ಪುಟ್ಟಿ ನಿಮ್ ತಾವ ಐತಾ?”

ಇರಲಿಲ್ಲ. ಜೀಪಿನೊಳಗೆ ನೋಡಿದೆವು, ಲಾರಿಯ ಕೆಳಗೆ ನೋಡಿದೆವು. ಸುತ್ತಲೂ ಬಟಾಬಯಲು. ನಿಂತಲ್ಲಿಂದ ಅರ್ಧ ಮೈಲಿ ಕಾಣುತ್ತದೆ, ಮಗು ಮಾತ್ರ ಎಲ್ಲೂ ಇಲ್ಲ. ನಾನು ಹೆಸರು ಹಿಡಿದು ಕೂಗುತ್ತ ಆ ಕಡೆ ಈ ಕಡೆ ಓಡಿದೆ. ಮದಾರ್ ಸಾಬರು ಕೂಗಲೂ ಇಲ್ಲ, ಓಡಲೂ ಇಲ್ಲ. ನಾನು ಎಬ್ಬಿಸಿದ್ದ ಜಾಗಕ್ಕೆ ಹೋಗಿ, ಗೋಣಿ ಕೂಡ ಕಟ್ಟಿಕೊಳ್ಳದೆ ಮಂಡಿಯೂರಿ, ಬಿಟ್ಟಲ್ಲಿಂದಲೇ ನಾಲ್ಕನೇ ಮಗ್ಗಲನ್ನು ಶುರು ಮಾಡಿದರು.

ಹತ್ತು ಮಾರು ಹೋಗಿರಬಹುದು. ಹುಲ್ಲು ಸರಿಸಿ, “ಇಲ್ಲೈತೆ” ಎಂದರು.

ಹಗೇವು. ಆ ಕಡೆ ಜೋಳ ತುಂಬಿಡಲು ನೆಲದೊಳಗೆ ತೋಡುವ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಇದು ಪಾಳು ಬಿದ್ದದ್ದು. ಮುಚ್ಚಿದ್ದ ಚಪ್ಪಡಿ ಮುರಿದು ಅರ್ಧ ಬಾಯಿ ತೆರೆದಿತ್ತು, ಅದರ ಮೇಲೆ ಹುಲ್ಲು ಬಾಗಿತ್ತು. ನಿಂತವನಿಗೆ ಅಲ್ಲಿ ಬರೀ ಹುಲ್ಲು. ಅಂಚಿನಲ್ಲಿ ಪುಟ್ಟಿಯ ಒಂದು ಚಪ್ಪಲಿ. ಒಳಗೆ ಕತ್ತಲು, ಹಳೆಯ ಹೊಟ್ಟಿನ ಮುಗ್ಗಲು ವಾಸನೆ. ಅಳು ಕೇಳಿಸಲಿಲ್ಲ.

ನಾನು ಕಾಲು ಇಳಿಬಿಟ್ಟಿದ್ದೆನಂತೆ. ಅವರು ನನ್ನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದರು. “ಇಳೀಬ್ಯಾಡ್ರಿ! ಕಂದೀಲು ತರ್ರಿ, ಹಚ್ಚಿ ತರ್ರಿ.” ದಾರ ಕಟ್ಟಿದ ಕಂದೀಲು ಮೊಳ ಮೊಳವಾಗಿ ಇಳಿಯಿತು. ಕೆಳಗೆ ಹೊಟ್ಟಿನ ಮೇಲೆ ಪುಟ್ಟಿಯ ಕೆಂಪು ಲಂಗ ಕಂಡಿತು. ಅದರ ಹತ್ತಿರ ಹೋಗುವಷ್ಟರಲ್ಲಿ ದೀಪ ಸಣ್ಣದಾಗಿ, ಆರಿತು.

“ಕೆಳಗೆ ಗಾಳಿ ಸತ್ತೈತೆ” ಎಂದರು ಮದಾರ್ ಸಾಬರು. “ಇಳಿದೋನು ಅಲ್ಲೇ ಕುಸೀತಾನೆ. ಲೇ ಡ್ರೈವರ್, ಕಂಬಳಿ ತಗೊಂಡು ಬಾಯಿ ಮ್ಯಾಲೆ ಬೀಸು, ನಿಲ್ಲಿಸಬ್ಯಾಡ. ಸಾಹೇಬ್ರೆ, ಸರಪಳಿ.”

“ಹಗ್ಗ...”

“ಹಗ್ಗ ತಂಬಿನಾಗೈತೆ. ಬಿಚ್ಚಾಕೆ ಹೊತ್ತಿಲ್ಲ.”

ಅಳತೆಯ ಸರಪಳಿಯನ್ನು ತಾವೇ ಕಾಲುಗಳಿಗೆ ಸುತ್ತಿಕೊಂಡರು. “ಉಸಿರು ಕಟ್ಟಿ ತಲೆಕೆಳಗಾಗಿ ಹೋಗ್ತೀನಿ. ಮೂವತ್ತು ಎಣಿಸ್ರಿ. ಮೂವತ್ತಕ್ಕೆ ಎಳೀರಿ, ಕೂಸು ಸಿಗಲಿ ಬಿಡಲಿ.” ಮತ್ತೆ ಮಂಡಿಯೂರಿದರು, ಅಂಗೈ ಊರಿದರು, ಅದೇ ಅಂಬೆಗಾಲಿನಲ್ಲಿ ನೆಲದೊಳಕ್ಕೆ ಹೋದರು.

ಸರಪಳಿ ಹಿಡಿದವರು ನಾನು ಮತ್ತು ಇಂಜಿನಿಯರು. ನಾನು ಎಣಿಸಿದೆ. ಮೂವತ್ತಕ್ಕೇ ಎಳೆದೆ ಎಂದು ಹೇಳುತ್ತ ಬಂದಿದ್ದೇನೆ. ನಾನು ಹದಿನಾಲ್ಕರಿಂದ ಮತ್ತೆ ಎಂಟಕ್ಕೆ ಹೋದೆ ಎಂದು ಡ್ರೈವರ್ ಆಮೇಲೆ ಹೇಳಿದ. ಇರಬಹುದು. ಎಳೆದದ್ದು ಮಾತ್ರ ಗೊತ್ತು. ನಿಧಾನವಾಗಿ ಎಳೆಯಬೇಕಿತ್ತು, ಹುಚ್ಚನ ಹಾಗೆ ಜಗ್ಗಿದೆ. ಅವರ ಎಡಮಂಡಿ ಚಪ್ಪಡಿಯ ಅಂಚಿಗೆ ಸಿಕ್ಕಿ ಲಟಕ್ಕೆಂದಿತು. ಅವರು ಕೂಗಲಿಲ್ಲ. ಕೂಗಿದ್ದರೆ ಉಸಿರು ಹೋಗುತ್ತಿತ್ತು. ಹೊರಗೆ ಬಂದ ಎರಡು ಕೈಗಳಲ್ಲಿ ಪುಟ್ಟಿ ಇದ್ದಳು, ಮುಖ ಬೂದಿ ಬಣ್ಣ, ತುಟಿ ನೀಲಿ. ನೆಲದ ಮೇಲೆ ಬಿದ್ದಲ್ಲಿಂದಲೇ ಅವರು ಅವಳನ್ನು ಬೋರಲು ಹಾಕಿ ಬೆನ್ನು ತಟ್ಟಿದರು. ತಟ್ಟಿದರು. ಮತ್ತೆ ತಟ್ಟಿದರು. ಕೊನೆಗೆ ಅವಳು ಕೆಮ್ಮಿದಳು. ಆಮೇಲೆ ಅತ್ತಳು. ಅದಕ್ಕಿಂತ ಒಳ್ಳೆಯ ಸದ್ದನ್ನು ನಾನು ಇವತ್ತಿಗೂ ಕೇಳಿಲ್ಲ.

ಸರೋಜಾ ರವಿಯನ್ನು ಕಂಕುಳಲ್ಲಿ ಅವುಚಿಕೊಂಡು ಓಡಿ ಬಂದಳು. ಹಾಲಿನ ಚೊಂಬು ಎಲ್ಲೋ ಬಿದ್ದಿತ್ತು. ಮಗಳನ್ನು ಕಿತ್ತುಕೊಂಡು, ಹಗೇವಿನ ಬಾಯಿ ನೋಡಿ, “ಹೆಂಗಾಯ್ತು? ನೋಡಿರಲಿಲ್ವಾ ಇಲ್ಲಿ?” ಎಂದಳು.

“ಮದಾರ್ ಸಾಬರು ಆ ಮಗ್ಗಲು ನೋಡಿರಲಿಲ್ಲ” ಎಂದೆ.

ಆ ಮಾತಿನಲ್ಲಿ ಸುಳ್ಳಿಲ್ಲ. ಅದನ್ನು ನಾನು ಎಷ್ಟೋ ಸಲ ತಿರುವಿ ಹಾಕಿ ನೋಡಿದ್ದೇನೆ, ಎಲ್ಲಿಂದ ನೋಡಿದರೂ ನಿಜವೇ. ಸರೋಜಾ ಅವರ ಕಡೆ ತಿರುಗಿದಳು. ಅವರು ಮಣ್ಣಲ್ಲಿ ಕಾಲು ನೀಡಿಕೊಂಡು ಬಿದ್ದಿದ್ದರು.

“ನಿಮ್ಮನ್ನ ನಂಬಿದ್ದೆನಲ್ಲ ಸಾಬಣ್ಣ!”

ಅವರು ನನ್ನನ್ನು ಒಮ್ಮೆ ನೋಡಿದರು. “ಹೌದು ತಾಯಿ” ಎಂದರು. “ಆ ಮಗ್ಗಲು ನೋಡಿದ್ದಿಲ್ಲ ನಾನು.”

ಇಂಜಿನಿಯರು ಕೆಮ್ಮಿ ಜೀಪಿನ ಕಡೆ ಹೋದರು. ಅದೇ ಜೀಪಿನಲ್ಲಿ ಮದಾರ್ ಸಾಬರನ್ನು ಆಸ್ಪತ್ರೆಗೆ ಕಳಿಸಿದೆವು. ಎಡಮಂಡಿ ಮತ್ತೆ ಮಡಚಲಿಲ್ಲ. ಖಲಾಸಿ ಕೆಲಸಕ್ಕೆ ಅವರು ಮರಳಲಿಲ್ಲ.

ಎಂಟು ವರ್ಷದ ನಂತರ, ಅಥವಾ ಒಂಬತ್ತು, ನಾವು ಹೊನ್ನಾಳಿಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಸರೋಜಾ, “ಸಾಬಣ್ಣನ್ನ ನೋಡ್ಕೊಂಡು ಹೋಗೋಣ” ಎಂದಳು. ಪೇಟೆಯ ಹಿಂದಿನ ಓಣಿಯಲ್ಲಿ ಮನೆ. ಅವರು ಕುರ್ಚಿಯಲ್ಲಿ ಎಡಗಾಲು ನೆಟ್ಟಗೆ ಚಾಚಿಕೊಂಡು ಕೂತಿದ್ದರು, ಕೈಯಲ್ಲಿ ಕೋಲು. ಸೊಸೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಗ್ಗಿ ಮೂಲೆ ಮೂಲೆ ನೋಡುತ್ತಿದ್ದಳು. ಇವರು ಕೋಲಿನಿಂದ ತೋರಿಸುತ್ತಿದ್ದರು.

ಪುಟ್ಟಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, “ತ್ಯಾವಣಿಗೆ: ಬ್ಲೇಡು ಅರ್ಧ, ಗುಲಗಂಜಿ ಎರಡು. ಹೊನ್ನಾಳಿ: ಬಳೆ ಚೂರು ನಾಲ್ಕು, ಒಂದು ನಿಂದು” ಎಂದು ಒಪ್ಪಿಸಿದರು. ಪುಟ್ಟಿ ನಕ್ಕಳು. ಅವಳಿಗೆ ಏನೂ ನೆನಪಿಲ್ಲ.

“ನಿನ್ನ ಜೀವ ಉಳಿಸಿದ ತಾತ ಇವರೇ” ಎಂದಳು ಸರೋಜಾ. ಆಮೇಲೆ ಅರ್ಧ ತಮಾಷೆಗೆ, “ಒಂದು ಮಗ್ಗಲು ತಪ್ಪಿಸಿದ್ರು, ಆದ್ರೂ ಅವರೇ ತೆಗೆದ್ರು” ಎಂದಳು.

ಅವರು ತಲೆಯಾಡಿಸಿದರು. ಅಷ್ಟರಲ್ಲಿ ಒಲೆಯ ಮೇಲೆ ಅನ್ನ ಉಕ್ಕಿತೆಂದು ಸೊಸೆ ಕೂಸಿನ ಸಮೇತ ಓಡಿದಳು.

“ಸಾಹೇಬ್ರೆ, ಮೂರು ಮೂಲೆ ಆಗೈತೆ. ಮಂಚದ ಕೆಳಗಿಂದು ಉಳಿದೈತೆ. ಒಂಚೂರು ನೋಡ್ತೀರೇನ್ರಿ?”

ಅದರಲ್ಲಿ ಚುಚ್ಚುಮಾತು ಇತ್ತೋ ಇಲ್ಲವೋ ನನಗೆ ತಿಳಿಯದು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಮಂಡಿಯೂರಿದೆ, ಅಂಗೈ ಊರಿದೆ, ಮಂಚದ ಕೆಳಗೆ ತಲೆ ತೂರಿಸಿದೆ. ಒಂದು ಹುಣಸೆ ಬೀಜ. ಒಂದು ಪಿನ್ನು. ಅಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ, ಎಲ್ಲರ ಕಾಲುಗಳು ಮಾತ್ರ.

“ಸರೋಜಾ, ಅವತ್ತು ಅವರು ತಪ್ಪಿಸಲಿಲ್ಲ. ಮಂಡಿಯೂರಿದ್ದವರನ್ನ ನಾನೇ ಎಬ್ಬಿಸಿದೆ” ಎಂದೆ.

ಸರೋಜಾಳ ಕಾಲುಗಳು ಅಲುಗಲಿಲ್ಲ. ನಾನು ಹೊರಗೆ ಬಂದಾಗ ಅವಳು ನನ್ನನ್ನು ನೋಡುತ್ತಿರಲಿಲ್ಲ.

“ಹೌದಾ ಸಾಬಣ್ಣ?”

ಮದಾರ್ ಸಾಬರು ಕೈ ಚಾಚಿದರು. ಬೀಜವನ್ನೂ ಪಿನ್ನನ್ನೂ ಅವರ ಅಂಗೈಯಲ್ಲಿಟ್ಟೆ. ಅವನ್ನು ಬೆರಳಿನಿಂದ ಹೊರಳಿಸಿ ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡರು.

“ನೆನಪಿಲ್ಲ ತಾಯಿ” ಎಂದರು.

ಅವರನ್ನು ನಾನು ನೋಡಿದ್ದು ಅದೇ ಕೊನೆ. ನಾವು ಹೊರಡುವ ಮುಂಚೆ ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು, ಕೂಸು ಕೆಳಗಿಳಿಯಲು ಕೊಸರಾಡುತ್ತಿತ್ತು. ಅವರು ಅವಳಿಗೆ ತಮ್ಮ ಮನೆಮಾತಿನಲ್ಲಿ ಏನೋ ಹೇಳಿದರು. ಆಮೇಲೆ ನಮಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು:

“ನಾಲ್ಕೂ ಆತು. ಇನ್ನ ಕೂಸನ್ನ ನೆಲಕ್ಕೆ ಬಿಡವ್ವ.”